ಹಗ್ಗ ಹಿಡಿಯೋ ಕೆಂಚಿಯ ಕೈ

ಒಂದಾನೊಂದು ಕಾಲದಲ್ಲಿ, ಆ ಕಾಲ ಇನ್ನೂ ಪೂರ್ತಿ ಮುಗಿದಿಲ್ಲ ಅಂತ ನನಗೊಂದು ಅನುಮಾನ, ಬಾವಿ ತೋಡೋ ಗಂಡ ಹೆಂಡ್ತಿ ಇದ್ರಂತೆ. ಗಂಡ ಸಣ್ಣೀರ, ಹೆಂಡ್ತಿ ಕೆಂಚಿ. ಹೂಂ ಅನ್ನವ್ವ, ಹೂಂ ಅನ್ನದಿದ್ರೆ ನಾನ್ಯಾರಿಗೆ ಹೇಳ್ಲಿ. ಸಣ್ಣೀರ ಬೇರೆ ಯಾರೂ ಅಲ್ಲ, ಕೆಂಚಿಯ ಅವ್ವನ ಸ್ವಂತ ತಮ್ಮ. ಚಿಕ್ಕೋಳಿದ್ದಾಗ ಮಾವ ಮಾವ ಅಂತ ಹಿಂದೆ ಓಡಾಡ್ಕೊಂಡಿದ್ದೋಳು ತಾಳಿ ಕಟ್ಟಿಸ್ಕೊಂಡ ಮೇಲೂ ಮಾವ ಅಂತಾನೇ ಕರೀತಿದ್ಳಂತೆ.

ಅವರ ಕೆಲಸ ಹೆಂಗೆ ಅಂದ್ರೆ, ಅವನು ಸೊಂಟಕ್ಕೆ ಹಗ್ಗ ಬಿಗಿದು ಗುಂಡಿಗೆ ಇಳಿಯೋನು. ಗೋಡೇಲಿ ಮೆಟ್ಟು ಕೊರ್ಕೊಂಡು ಇಳಿಯೋದು, ಅದರ ಮೇಲೇ ಹತ್ತೋದು. ಕಾಲು ಜಾರಿದ್ರೆ ಹಿಡಿಯೋಕೆ ಅಂತ ಹಗ್ಗದ ಇನ್ನೊಂದು ತುದಿ ಮೇಲೆ ರಾಟೆ ಹತ್ರ ಕೆಂಚಿ ಕೈಲಿ. ಆ ತುದಿ ಹಿಡಿಯೋಕೆ ಕೂಲಿಯೋರನ್ನ ಯಾರೂ ಕರೀತಿರಲಿಲ್ಲವಂತೆ. ಹೆಂಡ್ತಿ ಹಿಡೀಬೇಕು, ಇಲ್ಲಾ ಹೆಂಡ್ತಿಯ ಅಣ್ಣತಮ್ಮ ಹಿಡೀಬೇಕು. ತಾಳಿ ಹೋಗೋದು ಯಾರ ಮನೇದೋ ಅವರೇ ಗಟ್ಟಿಯಾಗಿ ಹಿಡೀತಾರೆ ಅಂತ ಹಿರೀಕರು ಮಾಡಿದ ಕಟ್ಟಳೆ.

ಆಮೇಲೆ ಪಕ್ಕದ ಹಳ್ಳೀಲಿ ಒಬ್ಬಳ ಹಿತ್ತಲಲ್ಲಿ ಬಾವಿ ತೋಡಿದ್ರಂತೆ, ನೀರೂ ಬಂತಂತೆ. ಬಾವಿ ಮುಗಿದ ಮೇಲೂ ಹೂಳು ತೆಗೀಬೇಕು ಅಂತ ಸಣ್ಣೀರ ಒಬ್ಬನೇ ಹೋಗೋಕೆ ಶುರು ಮಾಡಿದನಂತೆ. ಹೊಸ ಬಾವೀಲಿ ಎಲ್ಲಿಂದ ಬಂತು ಹೂಳು, ಹೂಳಿದ್ದದ್ದು ಅವನ ತಲೇಲಿ. ಕೆಂಚಿ ಪಾಪ, ಮಾವ ಉಣ್ಣದೇ ಹೋಗವನೆ ಅಂತ ಒಂದಿನ ಬುತ್ತಿ ಕಟ್ಕೊಂಡು ಹಿಂದೇನೇ ಹೋದ್ಳಂತೆ. ಹೋಗಿ ನೋಡಿದ್ರೆ ಆ ಹೆಂಗಸು ಜಗಲಿ ಮೇಲೆ ಕೂತವಳೆ, ಇವನು ಹಿಂದೆ ಕೂತು ಅವಳ ಜಡೆ ಹೆಣೀತಾವನೆ. ಕೆಂಚಿ ತಲೆಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸಿದೋನಲ್ಲ. ಅವಳು ಬುತ್ತಿ ಅಲ್ಲೇ ಇಟ್ಟು, ಬಂದ ದಾರೀಲೇ ವಾಪಸ್ ಬಂದ್ಳಂತೆ.

ಅವನೂ ಹಿಂದೆ ಬಂದ, ಕಾಲಿಗೆ ಬಿದ್ದ, ಮನೆದೇವರ ಮೇಲೆ ಆಣೆ ಇಟ್ಟ, ಅಲ್ಲಿಗೆ ಹೋಗೋದನ್ನ ನಿಜವಾಗ್ಲೂ ಬಿಟ್ಟ. ಅದನ್ನ ಇಲ್ಲ ಅನ್ನಬಾರದು. ಆದ್ರೆ ಬಿಟ್ಟ ಮಾರನೇ ದಿನಾನೇ ಆಗಿದ್ದು ಆಗೋಯ್ತು, ಇನ್ಮೇಲೆ ಆ ಮಾತು ಎತ್ತಬೇಡ ಅಂದುಬಿಟ್ಟನಂತೆ. ತವರಿಗೆ ಹೋಗಿ ಅತ್ತು ಬರಾಣ ಅಂದ್ರೆ ಅವಳ ತವರೇ ಅವನ ಅಕ್ಕನ ಮನೆ. ಅವ್ವ ಅಂದ್ಲಂತೆ, ನನ್ನ ತಮ್ಮ ಅಂಥೋನಲ್ಲ, ಗಂಡಸು ಅಂದ್ಮೇಲೆ ಒಂದು ಹೆಜ್ಜೆ ಅತ್ತ ಇತ್ತ ಆಗ್ತದೆ, ಹೊಟ್ಟೆಗೆ ಹಾಕ್ಕೊ ಮಗಳೆ. ಹೆತ್ತೋಳೇ ಹಿಂಗಂದ್ರೆ ಅವಳು ಇನ್ಯಾರ ಮಡಿಲಲ್ಲಿ ತಲೆ ಇಡಬೇಕು ಹೇಳು.

ಆಮೇಲೆ ಇನ್ನೊಂದು ಊರಲ್ಲಿ ಬಾವಿ ಕೆಲಸ ಹಿಡಿದ್ರಂತೆ. ಸಣ್ಣೀರ ಇಳಿದ, ಕೆಂಚಿ ಹಗ್ಗ ಹಿಡಿದ್ಳು, ಹಿಡಿದಿದ್ದೇ ಎರಡು ಕೈಯೂ ಜೋಮು ಹಿಡಿದು ಬೆರಳು ಮಡಚಲೇ ಇಲ್ಲವಂತೆ. ಮೇಲೆ ಬಾ ಮಾವ, ಬೇಗ ಬಾ ಅಂತ ಕೂಗಿ ಹತ್ತಿಸ್ಕೊಂಡ್ಲು. ಮಾರನೇ ದಿನಾನೂ ಹಂಗೇ. ಮನೇಲಿ ಕಸ ಗುಡಿಸೋ ಕೈ, ಮುದ್ದೆ ತಿರುವೋ ಕೈ, ಹಗ್ಗ ಮುಟ್ಟಿದ್ರೆ ಸತ್ತು ಬೀಳೋದಂತೆ. ಕೆಲಸ ನಿಂತುಹೋಯ್ತು, ರಾಗಿ ಮಡಕೆ ತಳ ಕಾಣ್ತು.

ಪಂಡಿತನ ಹತ್ರ ಹೋದ್ಳಂತೆ. ಅವನು ನಾಡಿ ಹಿಡಿದು ವಾಯು ಅಂದು ಎಣ್ಣೆ ಕೊಟ್ಟ. ಹಚ್ಚಿ ಹಚ್ಚಿ ಸೀರೆಯೆಲ್ಲ ಜಿಡ್ಡಾಯ್ತು, ಕೈ ಹಂಗೇ ಇತ್ತು. ಆಮೇಲೆ ತಾಯತ ಕಟ್ಟೋನ ಹತ್ರ ಹೋದ್ಳು. ಅವನು ಯಾರದೋ ಕಣ್ಣು ಬಿದ್ದಿದೆ ಅಂದು ಕಪ್ಪು ದಾರ ಕಟ್ಟಿ, ಗಂಡನ ಮೇಲೆ ಮುನಿಸು ಇಟ್ಕೋಬೇಡ, ಅದಕ್ಕೇ ಹಿಂಗಾಗಿರೋದು ಅಂತ ಅವಳಿಗೇ ಬುದ್ಧಿ ಹೇಳಿ ಕಳಿಸಿದ. ದಾರೀಲಿ ಕೆಂಚಿ ಒಂದು ಕಲ್ಲಿನ ಮೇಲೆ ಕೂತು ನಾನು ಇನ್ನು ಸರಿ ಹೋಗಲ್ಲ, ನನ್ನ ಬದುಕು ಮುಗೀತು ಅಂತ ಅಂದ್ಕೊಂಡ್ಲಂತೆ. ಅಳು ಕೂಡ ಬರಲಿಲ್ಲವಂತೆ.

ಮೂರನೆಯೋಳು ಒಬ್ಬ ಮುದುಕಿ. ಅವಳಿಗೆ ಕಿವಿಯಜ್ಜಿ ಅಂತ ಹೆಸರು. ಮದ್ದಿಲ್ಲ, ಮಂತ್ರ ಇಲ್ಲ, ಬಂದೋರನ್ನ ಕೂರಿಸ್ಕೊಂಡು ಕೇಳೋದೊಂದೇ ಅವಳ ವೈದ್ಯ. ಕೆಂಚಿ ಹೋದ ದಿನ ಅವಳು ಅವರೆಕಾಳು ಹಿತುಕ್ತಾ ಕೂತಿದ್ಳಂತೆ. ಏನವ್ವ ಅಂದ್ಲು. ಕೈ ಜೋಮು ಅಂದ್ಲು ಕೆಂಚಿ. ಅದು ಕೈಯದು, ನಿಂದು ಹೇಳು ಅಂದ್ಲಂತೆ ಮುದುಕಿ. ಅವತ್ತು ಕೆಂಚಿ ತಾನೂ ಒಂದಿಷ್ಟು ಕಾಳು ಹಿತುಕಿ ಎದ್ದು ಬಂದ್ಳು. ಇನ್ನೊಂದಿನ ಹೋಗಿ ಸಣ್ಣೀರನಿಗೂ ಆ ಹೆಂಗಸಿಗೂ ಹೆತ್ತವ್ವನಿಗೂ ಸೇರಿಸಿ ಹಿಡಿ ಶಾಪ ಹಾಕಿ ಬಂದ್ಳು. ಮೂರನೇ ಸಲ ಹೋದಾಗ ತಲೆ ಬಗ್ಗಿಸಿ ಅಂದ್ಲಂತೆ, ಅಜ್ಜಿ, ಹಗ್ಗ ಹಿಡಿದಾಗೆಲ್ಲ ಬಿಟ್ಬಿಡು ಬಿಟ್ಬಿಡು ಅಂತ ನನ್ನೊಳಗೆ ಅನ್ನಿಸ್ತದೆ. ನನಗೆ ನನ್ನ ಕೈ ಕಂಡ್ರೆ ಭಯ.

ಮುದುಕಿ ಬೆಚ್ಚಲಿಲ್ಲ, ಛೀ ಅನ್ನಲಿಲ್ಲ. ಹಿಡಿದ್ರೆ ತಾನೆ ಬಿಡೋದು, ಬಿಡಬಾರದು ಅಂತಾನೇ ನಿನ್ನ ಕೈ ಜೋಮು ಹಿಡಿದಿದೆ ಮಗಳೆ, ಈಗ ಮದ್ದು ಬೇಕಿರೋದು ನಿನಗಲ್ಲ, ಅವನನ್ನ ಕರ್ಕೊಂಡು ಬಾ ಅಂದ್ಲಂತೆ. ಸಣ್ಣೀರ ಗೊಣಗ್ಕೊಂಡು ಬಂದ. ಅವನಿಗೆ ಅಜ್ಜಿ ಅಂದಿದ್ದು ಇಷ್ಟೇ. ಅವಳು ಕೇಳಿದ್ದಕ್ಕೆಲ್ಲ ನಿಜ ಹೇಳು, ಕೇಳಿದಷ್ಟು ಸಲ ಹೇಳು, ಸಿಡುಕಬೇಡ. ಎಷ್ಟು ದಿನ ಅಂತ ಹೇಳಬೇಕು ಅಂದನಂತೆ ಅವನು. ಅವಳಿಗೆ ಸಾಕಾಗೋವರೆಗೂ ಅಂದ್ಲಂತೆ ಅಜ್ಜಿ.

ಮನೇಲಿ ಕೇಳಿದ್ರೆ ಆಸಾಮಿ ನಿಂತ್ರೆ ತಾನೆ. ಕೆಮ್ಮೋನು, ದನ ನೋಡ್ಕೊಂಡು ಬರ್ತೀನಿ ಅಂತ ಏಳೋನು. ಇರೋದು ಒಂದು ಮೇಕೆ, ದನ ಎಲ್ಲಿಂದ ಬರಬೇಕು. ಕಡೆಗೆ ಕೆಂಚಿ ಅವನನ್ನ ಆ ಅರ್ಧ ತೋಡಿದ ಬಾವಿ ಹತ್ರ ಕರ್ಕೊಂಡು ಹೋಗಿ ಅಂದ್ಲಂತೆ, ಮಾವ, ಹಗ್ಗ ಬಿಟ್ಬಿಡಾಣ ಅನ್ನಿಸ್ತದೆ ನನಗೆ. ಅದೇ ನನ್ನ ರೋಗ. ಈಗ ಇಳೀತೀಯಾ ಹೇಳು. ನೀನು ಬಾವಿಗಿಳಿಯೋದು ಕೆಲಸ ಇದ್ದಾಗ, ನಾನು ಮದುವೆಯಾದ ದಿನಾನೇ ಇಳಿದೋಳು. ನನ್ನ ಹಗ್ಗ ನಿನ್ನ ಕೈಲಿತ್ತು.

ಸಣ್ಣೀರನ ಮುಖ ಬೂದಿ ಆಯ್ತಂತೆ. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದ, ಜೋಮು ಹಿಡಿದ ಅವಳ ಕೈಗೇ ಇನ್ನೊಂದು ತುದಿ ಕೊಟ್ಟು ಇಳಿದ.

ಹೂಂ ಅನ್ನು, ನಿದ್ದೆ ಬಂತಾ? ಇಲ್ಲ ತಾನೆ.

ಅವನು ತಳ ಮುಟ್ಟಿ ಮಣ್ಣು ತುಂಬಿ, ವಾಪಸ್ ಹತ್ತೋವಾಗ ಕೆಂಚಿ ಮೇಲಿಂದ ಕೇಳಿದ್ಳಂತೆ. ಎಷ್ಟು ದಿನದಿಂದ ಮಾವ? ಒಳಗಿಂದ ಬಂತು, ಆ ಬಾವೀಲಿ ನೀರು ಬರೋಕೆ ಮುಂಚಿಂದ. ಅಂದ್ರೆ ಕೆಂಚಿ ಅಲ್ಲೇ ಹಗ್ಗ ಹಿಡಿದು ನಿಂತಿದ್ದಾಗಿನಿಂದ. ಅವಳು ಚೆನ್ನಾಗಿದ್ಳಾ? ಹೂಂ, ಚೆನ್ನಾಗಿದ್ಳು. ಕೆಂಚಿ ಮತ್ತೆ ಕೇಳಿದ್ಳು, ನನ್ನ ವಿಷಯ ಅವಳ ಹತ್ರ ಏನಂತಿದ್ದೆ?

ಗುಂಡಿಯೊಳಗಿಂದ ಅಳೋ ದನೀಲಿ ಬಂತಂತೆ, ನಿನ್ನ ಕೈ ಒರಟು, ಮೈ ಮುಟ್ಟಿದ್ರೆ ತರಚ್ತದೆ ಅಂತಿದ್ದೆ ಕಣಮ್ಮಿ. ನಾವಿಬ್ರೂ ನಗ್ತಿದ್ವಿ.

ಅಷ್ಟಂದೋನಿಗೆ ಮೆಟ್ಟು ತಪ್ಪಿತು. ಆಳಿನ ಭಾರ ಪೂರ್ತಿ ಹಗ್ಗದ ಮೇಲೆ ಬಿತ್ತು. ಅವನನ್ನ ಇಷ್ಟು ವರ್ಷ ಹಿಡಿದು ಹಿಡಿದೇ ಒರಟಾಗಿದ್ದ ಕೈ ಅದು. ಹಗ್ಗ ಸರ್ರನೆ ಎಳೆದು ಅಂಗೈ ಚರ್ಮ ಕಿತ್ತು ಬಂತು, ಕೆಂಚಿ ಬೆರಳು ಮಡಚಿ ಹಿಡಿದ್ಳಂತೆ. ಯಾಕೆ ಹಿಡಿದೆ ಅಂತ ಆಮೇಲೆ ಕಿವಿಯಜ್ಜಿ ಕೇಳಿದ್ರೆ, ಗೊತ್ತಿಲ್ಲ ಅಂದ್ಲಂತೆ. ಅವನು ಮೇಲೆ ಬಂದು ದಂಡೆ ಮೇಲೆ ಬಿದ್ದು ಅಳ್ತಿದ್ದ. ಅವಳು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು.

ಆಮೇಲೆ ಚೆನ್ನಾಗಿದ್ರಾ ಅಂತೀಯಾ? ಬಾವೀಲಿ ಸಿಹಿನೀರು ಬಂತು, ಮಡಕೇಲಿ ರಾಗಿ ತುಂಬ್ತು, ಜೋಮು ಆಗಾಗ ಬರೋದು, ಹೋಗೋದು. ಕೆಂಚಿ ಅದೇ ಮಾತು ದಿನಾ ಕೇಳೋಳಂತೆ, ಅವನು ದಿನಾ ಹೇಳೋನಂತೆ, ಎದ್ದು ಹೋಗ್ತಿರಲಿಲ್ಲವಂತೆ. ಹಂಗೇ ವರ್ಷಗಳು ಕಳೆದು, ಒಂದಿನ ಸಂಜೆ ಮುದ್ದೆಗೆ ಎಸರಿಟ್ಟೋಳಿಗೆ ಇವತ್ತು ನಾನು ಕೇಳಲೇ ಇಲ್ಲವಲ್ಲ, ಮರೆತೇ ಹೋಗಿತ್ತಲ್ಲ ಅಂತ ಹೊಳೀತಂತೆ. ಆವಾಗ ಒಲೆ ಮುಂದೆ ಕೂತು ಜೋರಾಗಿ ಅತ್ತುಬಿಟ್ಲಂತೆ. ಸಣ್ಣೀರ ಓಡಿ ಬಂದು ಕೇಳು ಕೆಂಚಿ, ಹೇಳ್ತೀನಿ ಅಂದ. ಇವತ್ತು ಬೇಡ ಮಾವ, ಉಣ್ಣು ಬಾ ಅಂದ್ಲಂತೆ.

ಅಷ್ಟೇ ಕಣವ್ವ ಕತೆ, ಮುಗೀತು. ಕಣ್ಣು ಮುಚ್ಚು.