ಕ್ಯಾನ್ಸರ್ ಅಲ್ಲದ ಗಡ್ಡೆ

ಪೂಜ್ಯ ನಿಂಬೆವ್ವ ತಾಯಿಯವರಿಗೆ ಮಠವೆಂಬುದಿರಲಿಲ್ಲ. ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ತಗಡು ಹೊದಿಸಿದ ದಾಸೋಹದ ಅಡುಗೆಮನೆಯೇ ಅವರ ಪೀಠ. ಬಂದವರಿಗೆ ರೊಟ್ಟಿ ಬಡಿದು ನೀಡುವುದೇ ಅವರ ಪೂಜೆ. ಆ ದಿನವೂ ಅವರು ನೆಲದ ಮೇಲೆ ಕುಳಿತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಆಗ ಮುಧೋಳದ ಕಡೆಯ ಶಂಕರೆಪ್ಪನೆಂಬ ಭಕ್ತ ತನ್ನ ಹೆಂಡತಿ ಕಸ್ತೂರಿಯನ್ನು ಕರೆದುಕೊಂಡು ಬಂದ.

ಕಸ್ತೂರಿ ಕನ್ನಡ ಶಾಲೆಯ ಶಿಕ್ಷಕಿ, ಮೂವತ್ತೆಂಟರ ಪ್ರಾಯ. ಆರು ವರ್ಷದ ಹಿಂದೆ ಅವಳ ಬಲಭುಜದಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿತ್ತು. ಲಕ್ಷಕ್ಕೊಬ್ಬರಿಗೂ ಬಾರದ ಗಡ್ಡೆ ಎಂದರು ವೈದ್ಯರು. ಕ್ಯಾನ್ಸರ್ ಅಲ್ಲ, ಬೇರೆ ಕಡೆ ಹರಡದು ಎಂದೂ ಹೇಳಿದರು. ಮನೆಯವರು ದೇವರಿಗೆ ಕಾಯಿ ಒಡೆಸಿದರು. ಆದರೆ ಕೊಯ್ದು ತೆಗೆದ ಗಡ್ಡೆ ವರ್ಷ ತುಂಬುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬೆಳೆಯಿತು. ಮೂರು ಸಲ ಕೊಯ್ದರು. ಮೂರು ಸಲವೂ ಬೆಳೆಯಿತು. ಸ್ನಾಯುವಿನೊಳಗೆ ಇಳಿದು ನರಗಳನ್ನು ಹಿಸುಕಿತು. ಕೈ ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು. ಹಲಗೆಯ ಮೇಲೆ ಬರೆಯಲಾರದೆ ರಜೆ ಹಾಕಿ ಹಾಕಿ ಕೊನೆಗೆ ಮನೆಯಲ್ಲೇ ಉಳಿದಳು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಪುಣ್ಯಾ ಮಾಡೀದಿ, ಕ್ಯಾನ್ಸರ್ ಅಲ್ಲಲ್ಲ!" ಅದನ್ನು ಕೇಳಿ ಕೇಳಿ ಅವಳಿಗೆ ನೋವೆನ್ನಲೂ ನಾಚಿಕೆಯಾಗತೊಡಗಿತು. ಯಾರು ವಿಚಾರಿಸಿದರೂ "ಆರಾಮದೀನಿ" ಎನ್ನುವಳು. ಕ್ಯಾನ್ಸರ್ ಆಗಿದ್ದರೆ ಇದಕ್ಕೊಂದು ಕೊನೆಯಾದರೂ ಇರುತ್ತಿತ್ತು ಎಂದು ಒಳಗೊಳಗೇ ಅಂದುಕೊಳ್ಳುವಳು. ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವೆಂದು ನಿಶ್ಚಯಿಸಿಬಿಟ್ಟಿದ್ದಳು. ದೇವರಲ್ಲಿಯೂ ಸಂತರಲ್ಲಿಯೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಶಂಕರೆಪ್ಪ ತಾಯಿಯವರಿಗೆ ಅಡ್ಡಬಿದ್ದು, "ಯವ್ವಾ, ಜೀವಕ್ಕೇನೂ ಧಕ್ಕಿ ಇಲ್ಲಂತ ಡಾಕ್ಟರ್ ಹೇಳ್ಯಾರ. ಆದ್ರೂ ಈಕಿ ಧೈರ್ಯ ತುಗೋವಲ್ಲಳು. ನೀವಾದ್ರೂ ಒಂದೀಟು ಬುದ್ಧಿ ಹೇಳ್ರಿ" ಎಂದ.

ಕಸ್ತೂರಿ ನಿಂತಲ್ಲಿಂದಲೇ ಬಿರುಸಾಗಿ ನುಡಿದಳು: "ವಿಭೂತಿ ಕೊಟ್ಟು ಕಳಿಸಬ್ಯಾಡ್ರಿ. ಮನ್ಯಾಗ ಡಬ್ಬಿ ತುಂಬ ಐತಿ."

ತಾಯಿಯವರು ಕೋಪಿಸಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು ಬಹಳ ಹೊತ್ತು ಅವಳ ತಲೆಯನ್ನೇ ನೋಡಿದರು. ಜಡೆ ಹೆಣೆಯಲಾಗದೆ ಒಂಟಿ ಎಡಗೈಯಿಂದ ಹೇಗೋ ರಬ್ಬರು ಸುತ್ತಿದ ಕೂದಲು ಹಿಂದೆ ಸಿಕ್ಕುಗಟ್ಟಿ ಗಂಟುಗಂಟಾಗಿತ್ತು.

"ಮಗಳ, ನಿನಗ ಹೆಳಲ ಯಾರು ಹಾಕ್ತಾರ?"

ಆರು ವರ್ಷದಲ್ಲಿ ಯಾರೊಬ್ಬರೂ ಕೇಳದ ಮಾತು. "ಯಾರೂ ಇಲ್ಲರಿ" ಎಂದಳು.

ತಾಯಿಯವರು ಪಲ್ಯದ ಬುಟ್ಟಿ ಸರಿಸಿ, ಎದ್ದು ಹೋಗಿ ಹಣಿಗೆ, ಎಣ್ಣೆ ತಂದರು. ಅವಳ ಬೆನ್ನ ಹಿಂದೆ ಕುಳಿತು ಒಂದೊಂದೇ ಎಳೆಯ ಸಿಕ್ಕು ಬಿಡಿಸತೊಡಗಿದರು. ಕಸ್ತೂರಿ ತಾನಾಗಿಯೇ ಹೇಳತೊಡಗಿದಳು: ಕುಪ್ಪಸ ತೊಡುವಾಗಿನ ಸಂಕಟ, ಬಲಕ್ಕೆ ಹೊರಳಿ ಮಲಗಲಾಗದ್ದು, ಪ್ರತಿ ಸಲ ಗಾಯ ಮಾಯುವ ಮೊದಲೇ ಬೆರಳಿಗೆ ತಾಗುವ ಹೊಸ ಗಂಟು, ಸತ್ತರೆ ಸಾಕೆನ್ನಿಸಿದ್ದು. ನಡುವೆ ಶಂಕರೆಪ್ಪ, "ಅಷ್ಟಾದ್ರೂ ಪುಣ್ಯಾನ..." ಎಂದು ಬಾಯಿ ಹಾಕಿದ.

ತಾಯಿಯವರು ಕೈ ನಿಲ್ಲಿಸಲಿಲ್ಲ. "ಸುಮ್ಮನಿರಪ್ಪಾ. ನೋವು ಆಕೀದು. ಸಣ್ಣದೋ ದೊಡ್ಡದೋ ಆಕೀನ ಹೇಳಲಿ" ಎಂದರು.

ಹೆಳಲು ಹಾಕಿ ಮುಗಿಸಿ ಅವಳ ನೆತ್ತಿಯ ಮೇಲೆ ಕೈಯಿಟ್ಟರು. "ಇದನ್ನ ತಗಿಯೂದು ನನ್ನ ಕೈಲಿ ಆಗೂದಿಲ್ಲ ಮಗಳ. ಡಾಕ್ಟರ್ ಕೈಲಿ ಆಗ್ತೈತೋ ಇಲ್ಲೋ, ಅದೂ ಗೊತ್ತಿಲ್ಲ. ನೋವಿದ್ದಾಗ ನೋವಂತ ಹೇಳು."

ತಾಯಿಯವರ ಸ್ಪರ್ಶದಿಂದ ಗಡ್ಡೆ ಕರಗಿತೆಂದು ಬರೆದರೆ ಅವರಿಗೇ ಅಪಚಾರ. ಅದು ಇಂದಿಗೂ ಅವಳ ಭುಜದಲ್ಲಿದೆ. ನಡೆದದ್ದು ಇಷ್ಟೇ. ಊರಿಗೆ ಮರಳುವಾಗ ಕೆಟ್ಟ ರಸ್ತೆಯಲ್ಲಿ ಬಸ್ಸು ಕುಲುಕಿತು. ಕಸ್ತೂರಿ ತುಟಿ ಕಚ್ಚಿಕೊಳ್ಳಲಿಲ್ಲ. ಜನರೆಲ್ಲ ತಿರುಗಿ ನೋಡುವಂತೆ, "ಭಾಳ ನೋಯಾಕತ್ತೈತ್ರಿ" ಎಂದು ಗಂಡನೆದುರು ಗಟ್ಟಿಯಾಗಿ ಅತ್ತಳು. ಶಂಕರೆಪ್ಪ ಈ ಸಲ ಪುಣ್ಯದ ಮಾತೆತ್ತದೆ, ಅವಳ ಭುಜ ಸೀಟಿಗೆ ತಾಗದಂತೆ ತನ್ನ ಕೈ ಅಡ್ಡ ಹಿಡಿದ.

ಬಹಳ ದೂರ ಹೋದ ಮೇಲೆ ಅವಳೇ ಕಣ್ಣೊರೆಸಿಕೊಂಡು, "ಸೋಮವಾರ ದವಾಖಾನಿಗೆ ಹೋಗೂಣು. ಈ ಸಲ ನೀವು ಹೊರಗ ಕುಂದ್ರಬ್ಯಾಡ್ರಿ, ಡಾಕ್ಟರ್ ಹಂತ್ಯಾಕ ಒಳಗ ಬರ್ರಿ" ಎಂದಳು.

"ಬರ್ತೀನಿ" ಎಂದ ಶಂಕರೆಪ್ಪ.