ಮೌಲಾಸಾಬನ ಹಾರ್ಮೋನಿಯಂ ಪೆಟ್ಟಿಗೆ

ಗದಗಿನಲ್ಲಿ ಹಾರ್ಮೋನಿಯಂ ಮಾಡುವ ಮೌಲಾಸಾಬ ಲಾರಿ ಪಾರ್ಸಲ್‌ನಲ್ಲಿ ಕಳಿಸಿದ ಹಾರ್ಮೋನಿಯಂ ಒಡೆದು ತಲುಪಿತು. ಕೊಂಡವರು ಅವನ ಕೆಲಸವನ್ನೇ ದೂರಿದರು. ದಾರಿಯಲ್ಲಿ ಒಡೆದದ್ದೆಂದು ಪಾರ್ಸಲ್ ಆಫೀಸಿನವರು ಬರೆದುಕೊಡದಿದ್ದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಅವನು ಹೋಗಿ ಕೇಳಿದಾಗ ಆಫೀಸಿನ ಮ್ಯಾನೇಜರ್ ತಲೆಯನ್ನೇ ಎತ್ತಲಿಲ್ಲ. "ನಿನ್ನ ಪ್ಯಾಕಿಂಗೇ ಸರಿಯಿಲ್ಲ. ನಮ್ಮ ಹಮಾಲರು ಕೂಸು ಎತ್ತಿದಂಗ ಇಳಸ್ತಾರ."

ಮರುದಿನ ಮಧ್ಯಾಹ್ನ ಮೌಲಾಸಾಬ ಹಾರ್ಮೋನಿಯಂ ಪ್ಯಾಕ್ ಮಾಡಿದ್ದಂಥದ್ದೇ, ಹುಲ್ಲು ತುಂಬಿದ ಪೆಟ್ಟಿಗೆ ತಂದ. ಮೇಜಿನ ಮೇಲೆ ಮ್ಯಾನೇಜರರ ಊಟದ ಡಬ್ಬಿಯಿತ್ತು.

"ಸಾಹೇಬರ, ನಿಮ್ಮ ಡಬ್ಬಿ ಇದರಾಗ ಇಡ್ತೀನಿ. ನಿಮ್ಮ ಹಮಾಲರು ಲಾರಿ ಮ್ಯಾಲಿಂದ ದಿನಾ ಇಳಿಸಿದಂಗ ಇಳಸ್ಲಿ. ಸಾರು ಚೆಲ್ಲಲಿಲ್ಲಂದ್ರ ತಪ್ಪು ನಂದು."

ಹೊರಗೆ ಯಾವುದೋ ಪೆಟ್ಟಿಗೆ ಧೊಪ್ಪನೆ ಬಿತ್ತು.

ಮ್ಯಾನೇಜರ್ ಒಂದು ಕೈಯಿಂದ ಡಬ್ಬಿಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಪತ್ರ ಬರೆದುಕೊಟ್ಟರು.