ಟಿಟ್ಟಿಭದ ನಾಲ್ಕು ಮೊಟ್ಟೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಇದ್ದವರು ಇಬ್ಬರೇ. ಗುರು, ಮತ್ತು ಪಾಲಾಕ್ಷ ಎಂಬ ಶಿಷ್ಯ.

ಗುರುವಿಗೆ ಮಾತು ಕಡಿಮೆ. ಪಾಲಾಕ್ಷನಿಗೆ ಹೆಚ್ಚು. ಮೂರು ವರ್ಷ ಹೀಗೇ ನಡೆದಿತ್ತು.

ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳಾಗುತ್ತಿತ್ತು. ಒಂದು ಬದಿಯಲ್ಲಿ ಮಾತ್ರ ಸಣ್ಣಗೆ ನೀರು. ಎದುರಿನ ಊರಿನ ಒಂಬತ್ತು ಮನೆಯವರು ಆ ಮರಳಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಹಾಕುತ್ತಿದ್ದರು. ಅವರ ವರ್ಷದ ಗಂಜಿ ಅದೇ. ಹೊಸ ನೀರು ಬರುವ ಮೊದಲು ಹಣ್ಣು ಎತ್ತಬೇಕು. ಬೇಗ ಕೊಯ್ದರೆ ಒಳಗೆ ಬಿಳಿ. ತಡವಾದರೆ ಹೊಳೆಯ ಪಾಲು.

ಯಾವಾಗ ಎತ್ತಬೇಕೆಂದು ಅವರಿಗೆ ಹೇಳುತ್ತಿದ್ದುದು ಟಿಟ್ಟಿಭ ಹಕ್ಕಿ. ಅದು ನೆಲದ ಮೇಲೇ ಮೊಟ್ಟೆ ಇಡುತ್ತದೆ. ಕೃತ್ತಿಕೆ ಮಳೆ ಹುಟ್ಟಿದ ದಿನ ಊರವರು ಹೋಗಿ ನೋಡುತ್ತಿದ್ದರು. ಮೊಟ್ಟೆ ನೀರಿನ ಹತ್ತಿರ ತಗ್ಗಿನಲ್ಲಿದ್ದರೆ ಹೊಳೆ ತಡ. ದಿಬ್ಬದ ಮೇಲಿದ್ದರೆ ಬೇಗ ಬರುತ್ತದೆ, ದೊಡ್ಡದಾಗಿ ಬರುತ್ತದೆ. ನೋಡಬಹುದು, ಮುಟ್ಟುವಂತಿಲ್ಲ.

ಆ ವರ್ಷ ಕೃತ್ತಿಕೆಯ ಹಿಂದಿನ ದಿನ ಪಾಲಾಕ್ಷ ಸ್ನಾನಕ್ಕೆ ಹೋದ. ತಗ್ಗಿನಲ್ಲಿ, ಬೆಣಚುಕಲ್ಲುಗಳ ನಡುವೆ, ನಾಲ್ಕು ಮೊಟ್ಟೆ ಕಂಡವು. ಪಕ್ಕದಲ್ಲೇ ಕುರಿಗಳ ಹೆಜ್ಜೆ. ಮಂದೆ ನೀರು ಕುಡಿಯಲು ಬರುವ ದಾರಿ ಅದೇ.

ಅವನಿಗೆ ಕನಿಕರವಾಯಿತು; ಊರವರ ಲೆಕ್ಕ ನೆನಪಾಗಲಿಲ್ಲ. ಮೊಟ್ಟೆಗಳನ್ನು ಹೆಗಲ ವಸ್ತ್ರದಲ್ಲಿ ಎತ್ತಿಕೊಂಡು ಹೋಗಿ ದಿಬ್ಬದ ಮೇಲೆ ಗುಳಿ ಮಾಡಿ ಇಟ್ಟ. ಸುತ್ತ ನಾಲ್ಕು ಕಲ್ಲನ್ನೂ ಜೋಡಿಸಿದ. ಸಂತೋಷದಿಂದ ಊಟ ಮಾಡಿ ಮಲಗಿದ.

ಮಾರನೆಯ ದಿನ ಮರಳಿನಲ್ಲಿ ಗದ್ದಲ. ಹೋಗಿ ನೋಡಿದರೆ ಒಂಬತ್ತು ಮನೆಯವರೂ ಕಾಯಿ ಕೊಯ್ಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಬರಮವ್ವ, ಅವರಲ್ಲೆಲ್ಲ ಹಿರಿಯಳು.

"ಏನವ್ವಾ, ಇಷ್ಟು ಬೇಗ?"

"ದಿಬ್ಬದ ನೆತ್ತಿಗೇ ಇಟ್ಟಿದೆಯಪ್ಪಾ ಈ ಸಲ! ನಮ್ಮ ಮಾವನ ಕಾಲದಲ್ಲೂ ಇಷ್ಟು ಮೇಲೆ ಇಟ್ಟಿರಲಿಲ್ಲ. ನಿಮ್ಮ ಆಶ್ರಮವೂ ಉಳಿಯುವುದಿಲ್ಲ, ಗಂಟು ಕಟ್ಟಿಕೊಳ್ಳಿ."

ಅವಳು ಒಂದು ಕಾಯಿ ಒಡೆದು ತೋರಿಸಿದಳು. ಒಳಗೆ ಬಿಳಿ.

"ಇನ್ನು ಹದಿನೈದು ದಿನ ಸಿಕ್ಕಿದ್ದರೆ ಕೆಂಪಾಗುತ್ತಿತ್ತು. ಈಗ ದನ ತಿನ್ನಬೇಕು."

ಪಾಲಾಕ್ಷ ಒಂದೇ ಉಸಿರಿಗೆ ಆಶ್ರಮಕ್ಕೆ ಬಂದ. ಗುರು ಬಾವಿಯ ಹಗ್ಗ ಹೊಸೆಯುತ್ತಿದ್ದರು. ಅವರಿಗೆ ಎಲ್ಲವನ್ನೂ ಹೇಳಿದ.

"ಹಕ್ಕಿ ಎಲ್ಲಿ?" ಎಂದರು ಗುರು.

"ಹಕ್ಕಿಯನ್ನು ನೋಡಲಿಲ್ಲ ಗುರುಗಳೇ."

ಗುರು ಹಗ್ಗವನ್ನು ಕೆಳಗಿಟ್ಟು ಎದ್ದರು.

ಇಬ್ಬರೂ ಬಿಸಿಲಿನಲ್ಲಿ ಹೋಗಿ ನಿಂತರು. ಹಕ್ಕಿ ತಗ್ಗಿನಲ್ಲಿತ್ತು. ನೀರಿಗೆ ಹೋಗಿ ಹೊಟ್ಟೆ ಅದ್ದಿ ಬರುತ್ತಿತ್ತು. ಖಾಲಿ ಗುಳಿಯ ಮೇಲೆ ಕೂರುತ್ತಿತ್ತು. ಎದ್ದು ಕೂಗುತ್ತಿತ್ತು. ಮತ್ತೆ ನೀರಿಗೆ ಹೋಗುತ್ತಿತ್ತು.

"ಏನು ಮಾಡುತ್ತಿದೆ?" ಎಂದರು ಗುರು.

"ಹೊಟ್ಟೆ ನೆನೆಸಿಕೊಳ್ಳುತ್ತಿದೆ."

"ಯಾಕೆ?"

ಪಾಲಾಕ್ಷ ದಿಬ್ಬ ಹತ್ತಿ ಒಂದು ಮೊಟ್ಟೆ ಮುಟ್ಟಿದ. ಕೈ ಹಿಂದೆ ತೆಗೆದ. ಅಷ್ಟು ಕಾದಿತ್ತು.

"ಮೊಟ್ಟೆ ತಂಪು ಮಾಡುವುದಕ್ಕೆ. ಅದಕ್ಕೇ ನೀರಿನ ಹತ್ತಿರ ಇಟ್ಟಿತ್ತು."

ಗುರುವೂ ದಿಬ್ಬ ಹತ್ತಿ ಸುತ್ತಲಿನ ಕಲ್ಲು ತೆಗೆದರು.

"ಹಾಗಾದರೆ ಹಕ್ಕಿಗೆ ಮಳೆಯ ವಿಷಯ ಗೊತ್ತಿಲ್ಲವೇ ಗುರುಗಳೇ?"

"ಅದಕ್ಕೆ ಮೊಟ್ಟೆಯ ಕೆಲಸವಿದೆ."

ಮೊಟ್ಟೆಗಳು ಹಳೆಯ ಗುಳಿಗೆ ಮರಳಿದವು. ಇಬ್ಬರೂ ದೂರ ಹೋಗಿ ಕೂತರು. ಬಹಳ ಹೊತ್ತಿನ ಮೇಲೆ ಹಕ್ಕಿ ಬಂದು ಕೂತಿತು.

"ಊರವರಿಗೆ ಹೋಗಿ ಹೇಳು," ಎಂದರು ಗುರು. "ಆಮೇಲೆ ಇಲ್ಲೇ ಇರು. ನಾಲ್ಕೂ ಒಡೆಯುವವರೆಗೆ."

"ಕುರಿ ಬಂದರೆ?"

"ಓಡಿಸು."

"ಉಳಿದ ಹೊತ್ತು?"

"ನೋಡು."

ಪಾಲಾಕ್ಷ ಊರವರಿಗೆ ಹೇಳಿದ. ಬರಮವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಕೈ ಸುಮ್ಮನಿರಲಾರದೇನೋ ನಿನಗೆ? ನನ್ನ ಅರ್ಧ ಬಳ್ಳಿ ಬರಿದಾಯಿತಲ್ಲ! ಹೋಗು, ಒಂದೊಂದೇ ಕಾಯಿ ತಂದು ಮತ್ತೆ ಅಂಟಿಸು!"

ಅವಳ ಪಕ್ಕದ ಬಳ್ಳಿಯ ಕೊಟ್ರಪ್ಪ ಕುಡುಗೋಲು ಕೆಳಗೆ ಹಾಕಿದ. ಅವನಿಗೆ ಸಮಾಧಾನವೇ ಆಗಿತ್ತು.

"ಬಿಡವ್ವಾ. ಹಕ್ಕಿ ಇಟ್ಟದ್ದು ತಗ್ಗಿನಲ್ಲಿ ತಾನೆ? ಹಾಗಾದರೆ ಮೃಗಶಿರ ಕಳೆಯುವವರೆಗೆ ಹೊಳೆಯ ಮಾತಿಲ್ಲ. ಉಳಿದದ್ದು ನಿಧಾನವಾಗಿ ಹಣ್ಣಾಗಲಿ."

"ಹಕ್ಕಿಗೆ ಅದೆಲ್ಲ ಗೊತ್ತಿರಲಿಕ್ಕಿಲ್ಲ ಕೊಟ್ರಪ್ಪಣ್ಣಾ," ಎಂದ ಪಾಲಾಕ್ಷ.

"ಮೊಟ್ಟೆ ಕದ್ದವನು ಹಕ್ಕಿಯ ಪರವಾಗಿ ಮಾತಾಡಬೇಡ."

ಪಾಲಾಕ್ಷ ತಗ್ಗಿಗೆ ಬಂದು ಕೂತ.

ಮೊದಲ ಎರಡು ದಿನ ಕುರಿಗಳ ಜೊತೆ ಮಾತಾಡಿದ. ಮೂರನೆಯ ದಿನ ಅದೂ ನಿಂತಿತು. ನೀರಿನ ನಡುವೆ ಒಂದು ಕರಿಗಲ್ಲು ಇತ್ತು. ಅದರ ಬೆನ್ನು ಒಂದು ಗೇಣು ಒಣಗಿರುತ್ತಿತ್ತು. ನೋಡಲು ಬೇರೇನೂ ಇಲ್ಲದ್ದರಿಂದ ಅದನ್ನೇ ನೋಡಿದ.

ಹದಿನೈದನೆಯ ದಿನ ಮೂರು ಮೊಟ್ಟೆ ಒಡೆದವು. ಸಂಜೆಯ ಹೊತ್ತಿಗೆ ಮರಿಗಳು ತಾಯಿಯ ಹಿಂದೆ ನಡೆದು ಹೋದವು. ನಾಲ್ಕನೆಯದು ಒಡೆಯಲಿಲ್ಲ.

ಅದು ಕೆಟ್ಟಿದೆ ಎಂದು ಪಾಲಾಕ್ಷನಿಗೆ ಗೊತ್ತಾಯಿತು. ಯಾರ ಕೈಯಿಂದ ಕೆಟ್ಟಿತೆಂದೂ ಗೊತ್ತಿತ್ತು. ಆದರೆ ಗುರುಗಳು ನಾಲ್ಕೂ ಎಂದಿದ್ದರು. ಕೂತೇ ಇದ್ದ.

ಹದಿನೇಳನೆಯ ಬೆಳಗ್ಗೆ. ರೋಹಿಣಿ ಮಳೆ ಹುಟ್ಟಿ ಎರಡು ದಿನವಾಗಿತ್ತಷ್ಟೆ. ಆಕಾಶ ತಿಳಿಯಾಗಿತ್ತು. ಕರಿಗಲ್ಲಿನ ಬೆನ್ನು ಒದ್ದೆಯಾಗಿತ್ತು.

ಅವನು ಅದರಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲೇ ಇರಲಿಲ್ಲ. ನೀರು ಅವನ ಪಂಚೆಯಂತೆ ಕಾವಿಯ ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲೋ ಮಳೆಯಾಗಿರಬೇಕು; ಕಡ್ಡಿ, ನೊರೆ, ಹಸಿ ಎಲೆ ತೇಲಿ ಬರುತ್ತಿದ್ದವು.

ಪಾಲಾಕ್ಷ ಓಡಿದ.

"ಹೊಳೆ ಬಂತು! ಹಣ್ಣು ಎತ್ತಿ!"

ಕೊಟ್ರಪ್ಪ ಗುಡಿಸಲಿನಿಂದ ಹೊರಗೆ ಬಂದು ಮೇಲೆ ನೋಡಿದ.

"ಒಂದು ಮೋಡ ಇಲ್ಲವಲ್ಲೋ! ಮೊಟ್ಟೆ ತಗ್ಗಿನಲ್ಲಿತ್ತು ಅಂತ ನೀನೇ ಹೇಳಿದೆ."

"ಮೊಟ್ಟೆ ತೇಲುತ್ತಿದೆ ಕೊಟ್ರಪ್ಪಣ್ಣಾ."

ಬರಮವ್ವ ತಗ್ಗಿನ ಕಡೆ ನಡೆದಳು. ಹೋಗುವಾಗ ನಡೆದವಳು ಬರುವಾಗ ಓಡಿ ಬಂದಳು.

"ಎತ್ತಿರೋ! ಏನು ನೋಡುತ್ತಾ ನಿಂತಿದ್ದೀರಿ, ಎತ್ತಿರೋ!"

ಒಂಬತ್ತು ಮನೆಯವರೂ ಹೊತ್ತರು. ಪಾಲಾಕ್ಷ ಹೊತ್ತ. ಯಾವಾಗಲೋ ಗುರುಗಳೂ ಬಂದಿದ್ದರು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಎಲ್ಲರ ಜೊತೆ ದಂಡೆ ಹತ್ತುತ್ತಿದ್ದರು. ಮಧ್ಯಾಹ್ನಕ್ಕೆ ಮರಳೆಲ್ಲ ಖಾಲಿ. ಮೂರನೆಯ ಜಾವಕ್ಕೆ ಹೊಳೆ ದಂಡೆಯಿಂದ ದಂಡೆಗೆ ಇತ್ತು.

ಬರಮವ್ವ ಒಂದು ಹಣ್ಣು ಒಡೆದಳು. ಕೆಂಪು. ಮೊದಲ ಹೋಳನ್ನು ಪಾಲಾಕ್ಷನ ಕೈಗೆ ಕೊಟ್ಟಳು.

"ತಿನ್ನು. ಅರ್ಧ ಬಳ್ಳಿಯದು ನಾನು ಮರೆತಿಲ್ಲ."

ವರ್ಷ ಕಳೆಯಿತು. ಮತ್ತೆ ಮರಳು, ಮತ್ತೆ ಬಳ್ಳಿ. ಕೃತ್ತಿಕೆಯ ಹಿಂದಿನ ದಿನ ಬರಮವ್ವ, ಕೊಟ್ರಪ್ಪ ಇಬ್ಬರೂ ಆಶ್ರಮಕ್ಕೆ ಬಂದರು. ಗುರುವಿಗೆ ಕೈಮುಗಿದು ಕೂತರು.

"ಅಜ್ಜಾರೇ, ಈ ಸಲ ನಾವು ಹಕ್ಕಿ ನೋಡುವುದಿಲ್ಲ," ಎಂದಳು ಬರಮವ್ವ. "ಹೋದ ಸಲ ಸರಿಯಾಗಿ ಹೇಳಿದ್ದು ನಿಮ್ಮ ಈ ಮರಿಸ್ವಾಮಿಗಳೇ."

"ಈ ಸಲ ಇವರನ್ನು ಎಲ್ಲಿ ಕೂರಿಸುತ್ತೀರಿ, ಅಷ್ಟು ಹೇಳಿಬಿಡಿ," ಎಂದ ಕೊಟ್ರಪ್ಪ. "ದಿಬ್ಬದ ಮೇಲೋ, ತಗ್ಗಿನಲ್ಲೋ? ಅದನ್ನು ನೋಡಿಕೊಂಡು ನಾವು ಕೊಯ್ಯುತ್ತೇವೆ."

ಪಾಲಾಕ್ಷ ಬಾಯಿ ತೆರೆದ. ಏನೂ ಹೇಳದೆ ಮುಚ್ಚಿದ.

ಗುರು ಅವನನ್ನು ಒಮ್ಮೆ ನೋಡಿದರು. ಆಮೇಲೆ ಬಂದವರ ಕಡೆ ತಿರುಗಿದರು.

"ಹೊಳೆ ಕಾಣುವ ಕಡೆ. ಅಲ್ಲಿ ನಿಮಗೂ ಜಾಗವಿದೆ."